ಕಾವಲುಗಾರರನ್ನು ಮಲಗಿಸುವ ಬೆಳಕು

"ಕೈ ಹೊರಗ ತಗೀರಿ."

ಅವನು ಹಾಗೆಂದಾಗ ಉಮಾಶ್ರೀ ದುಪಟ್ಟಾದೊಳಗೆ ಕೈಗಳನ್ನು ಇನ್ನಷ್ಟು ಮುದುಡಿಕೊಂಡಳು.

ಹಿಮಾಯತ್‌ನಗರದ ಚರ್ಮದ ದವಾಖಾನೆಯ ಒಳಕೋಣೆ ಅದು. ಮೇಜಿನ ಮೇಲೆ ಬಾಯಿ ತೆರೆದ ಪೆಟ್ಟಿಗೆಯಂಥ ಯಂತ್ರ, ಅದರೊಳಗೆ ಉದ್ದುದ್ದ ದೀಪಗಳು. ಪಕ್ಕದಲ್ಲಿ ಯಂತ್ರ ನೋಡಿಕೊಳ್ಳುವ ಹುಡುಗ ನಿಶಾಂತ.

ಇವನಿಗೆ ಕನ್ನಡ ಹೇಗೆ ಬಂತು? ಬರುವ ದಾರಿಯುದ್ದಕ್ಕೂ ಅವಳು ತೆಲುಗಿನಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದಳು...

"ಫೋನಿನಾಗ ನೀವು ಅತ್ತಿಗಿ ಜೋಡಿ ಮಾತಾಡೂದು ಕೇಳಿಸ್ತು," ಎಂದ, ಅವಳ ಮುಖ ನೋಡಿ. "ನಮ್ಮ ಮನಿಯೊಳಗೂ ಇದ ಮಾತು. ತಗೀರಿ, ದೀಪ ಪಾಪ ಖಾಲಿ ಕೂತದ."

ಅವಳು ಮೆಲ್ಲಗೆ ಕೈ ಚಾಚಿದಳು. ಕೆಂಪು ತೇಪೆಗಳು, ಬೆಳ್ಳಗೆ ಏಳುವ ಹೊಟ್ಟು, ಬೆರಳ ಸಂದಿನಲ್ಲಿ ಬಿರುಕು.

ಈಗ ಇವನೂ ಮುಖ ತಿರುಗಿಸುತ್ತಾನೆ ಎಂದುಕೊಂಡಳು. ಅವನು ತಿರುಗಿಸಲಿಲ್ಲ. ಅವಳ ಮಣಿಕಟ್ಟು ಹಿಡಿದು ಕೈಗಳನ್ನು ದೀಪದ ಕೆಳಗೆ ಸರಿಯಾಗಿ ಇರಿಸಿದ.

ಯಾರಾದರೂ ಆ ಕೈ ಮುಟ್ಟಿ ಎಷ್ಟು ಕಾಲವಾಗಿತ್ತು!

ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಅಣ್ಣ ಸಾಬಣ್ಣನ ಮನೆಯಲ್ಲಿ ಅವಳಿದ್ದಳು. ಅತ್ತಿಗೆ ಅನ್ನಮ್ಮ ಕೆಟ್ಟವಳಲ್ಲ. ಆದರೂ ಉಮಾಶ್ರೀಯ ತಾಟು, ಲೋಟ ಬೇರೆ ಮೂಲೆಗೆ ಹೋಗಿದ್ದವು. ಸೋರಿಯಾಸಿಸ್ ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದರೂ ಅವು ಮೂಲೆಯಿಂದ ಬರಲಿಲ್ಲ. ಅವಳು ಮದುವೆ ಬ್ಲೌಸುಗಳಿಗೆ ಜರಿ ಕಸೂತಿ ಹಾಕುವ ಅಂಗಡಿಯಲ್ಲೂ ಮಾಲಕಿ ಅವಳನ್ನು ಪರದೆಯ ಹಿಂದೆ ಕೂರಿಸಿದ್ದಳು. ಕೈ ವಾಸಿಯಾಗದಿದ್ದರೆ ಆ ಜಾಗವೂ ಉಳಿಯುವುದಿಲ್ಲ.

"ಈ ಬೆಳಕು ಏನ್ ಮಾಡತೈತಿ ರಿ?" ಮುಂದಿನ ಸಲ ಧೈರ್ಯ ಮಾಡಿ ಕೇಳಿದಳು.

"ಮೈಯೊಳಗ ಕಾವಲುಗಾರರು ಇರ್ತಾರ. ನಿಮ್ಮವರು ಭಾಳ ಜೋರು. ಮನಿಯವರನ್ನ ಕಳ್ಳರು ಅಂತ ತಿಳಕೊಂಡು ಬಡೀಲಿಕತ್ತಾರ."

"ಮತ್ತ?"

"ಚರ್ಮದಾಗ ಒಂದು ಸಣ್ಣ ಕಣ ಅದ. ಕಣ್ಣಿಗೆ ಕಾಣದ ಈ ಕಿರಣ ತಾಗಿದ ಕೂಡ್ಲೆ ಅದು ತಿರುಚಿಕೊಂಡು ಬ್ಯಾರೆ ಆಕಾರ ತಗೋತದ. ಅಲ್ಲಿಂದ ಕಾವಲುಗಾರರಿಗೆ ಸುದ್ದಿ ಹೋಗ್ತದ... ಸಾಕು, ಸುಮ್ಮನಿರ್ರಿ ಅಂತ. ಅವರು ತೂಕಡಿಸ್ತಾರ, ಚರ್ಮಕ್ಕ ಉಸಿರಾಡ್ಲಿಕ್ಕೆ ಬಿಡ್ತಾರ."

ಅವಳು ಸ್ವಲ್ಪ ಯೋಚಿಸಿದಳು. "ನಮ್ಮ ಅತ್ತಿಗಿಗೂ ಈ ಬೆಳಕು ಹಿಡೀಬಹುದೇನ್ರಿ?"

ನಿಶಾಂತ ನಕ್ಕ ನಗೆಗೆ ದವಾಖಾನೆಯ ಆಯಾ ಭವಾನಿ ಬಾಗಿಲಲ್ಲಿ ಇಣುಕಿದಳು.

"ಕಾವಲುಗಾರರು ಮಲಗಿದಾಗ ಖರೇನ ಕಳ್ಳ ಬಂದ್ರ?" ಉಮಾಶ್ರೀ ಮತ್ತೆ ಕೇಳಿದಳು.

"ಅದಕ್ಕ ನಾ ಗಡಿಯಾರ ಹಿಡಕೊಂಡು ಕೂತೀನಿ. ಬೆಳಕು ಹೆಚ್ಚಾಗಬಾರದು."

ಹೀಗೆ ಶುರುವಾಯಿತು. ಬೆಳಕು ಮುಗಿದ ಮೇಲೆ ಎದುರಿನ ಇರಾನಿ ಹೋಟೆಲಿನ ಒಂದು ಚಾ. ಒಂದು ದಿನ ಅವಳು ಕಪ್ಪಿನಡಿಯ ಬಸಿಗೆ ಚಾ ಸುರಿದು, ಅರ್ಧ ಕುಡಿದು ಕೆಳಗಿಟ್ಟಳು. ಅವನು ಮಾತಾಡುತ್ತಲೇ ಆ ಬಸಿ ಎತ್ತಿ ಉಳಿದದ್ದನ್ನು ಕುಡಿದುಬಿಟ್ಟ.

"ಅಯ್ಯ, ಅದು ನನ್ನ ಎಂಜಲ ರಿ..."

"ಸಕ್ಕರಿ ಕಡಿಮಿ ಅದ," ಎಂದ ಅವನು, ಅಷ್ಟೇ.

ಅಂದಿನಿಂದ ಇಬ್ಬರಿಗೂ ಒಂದೇ ಬಸಿ. ಮನೆಯಲ್ಲಿ ಮೂಲೆಯ ತಾಟಿನಲ್ಲಿ ಉಣ್ಣುವಾಗಲೂ ಅವಳು ಆ ಬಸಿಯನ್ನೇ ನೆನೆಯುತ್ತಿದ್ದಳು. ಕೈಯ ತೇಪೆಗಳು ತಿಳಿಯಾಗತೊಡಗಿದವು.

ಆದರೆ ಒಂದು ಸೋಮವಾರ ಅವನು ಮಾಸ್ಕ್ ಹಾಕಿ ಕುಳಿತಿದ್ದ. ಕೈಗೆ ರಬ್ಬರಿನ ಗವಸು. ಅವಳ ಮಣಿಕಟ್ಟನ್ನು ತುದಿಬೆರಳಿನಿಂದ ಸರಿಸಿದ.

ಬೆಳಕು ಮುಗಿದ ಮೇಲೆ ಚಾ ಬಂತು. ಅವಳು ಅರ್ಧ ಕುಡಿದು ಬಸಿಯನ್ನು ಅವನ ಕಡೆ ಜರುಗಿಸಿದಳು. ಅವನು ಅದನ್ನು ಹಿಂದಕ್ಕೆ ತಳ್ಳಿದ.

"ನನಗ ಬ್ಯಾಡ. ಇನ್ನ ಮ್ಯಾಲೆ ನಿಮ್ಮದು ಬ್ಯಾರೆ ತಗೋರಿ."

ಬೇರೆ... ಇವನ ಹತ್ತಿರವೂ ನನಗೊಂದು ಮೂಲೆ!

ಮುಂದಿನ ಸರದಿಗೆ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪರದೆಯ ಹಿಂದೆ ಕೂತರೆ ಕೂರಲಾಗದು, ಎದ್ದರೆ ನಿಲ್ಲಲಾಗದು. ಬೀದಿಯಲ್ಲಿ ಅವನ ಬೈಕಿನಂಥ ಸದ್ದಾದರೆ ಸೂಜಿ ನಿಲ್ಲುತ್ತಿತ್ತು. ಬಿರುಕುಗಳು ಮತ್ತೆ ಬಾಯಿಬಿಟ್ಟವು. ಒಂದು ಮಧ್ಯಾಹ್ನ ಬೆರಳಿನ ರಕ್ತ ಯಾರದೋ ಮದುವೆಯ ರೇಷ್ಮೆಗೆ ಹತ್ತಿತು.

"ಏಮಿಟಿದಿ?" ಇದೇನು ಎಂದು ತೆಲುಗಿನಲ್ಲಿ ಕೂಗಿ ಮಾಲಕಿ ಬ್ಲೌಸ್ ಕಿತ್ತುಕೊಂಡಳು. "ಕೈ ಸರಿಯಾದ ಮೇಲೆ ಬಾ. ಇಲ್ಲದಿದ್ದರೆ ಬೇಡ."

ಉಮಾಶ್ರೀ ಹೊರಗೆ ಬಂದಳು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದಳು, ನಿಂತಳು. ಕೇಳಿಬಿಡಬೇಕು. ಜೀವನದಲ್ಲಿ ಒಮ್ಮೆಯಾದರೂ ಬಾಯಿಬಿಟ್ಟು ಕೇಳಿಬಿಡಬೇಕು.

ಇರಾನಿ ಹೋಟೆಲಿನಲ್ಲಿ ಚಾ ತೆಗೆದುಕೊಂಡು ದವಾಖಾನೆಗೆ ನಡೆದಳು. ನಿಶಾಂತ ಎದ್ದು ನಿಂತ. ಇನ್ನೂ ಮಾಸ್ಕ್ ಇತ್ತು. ಅವಳು ಬಸಿಗೆ ಚಾ ಸುರಿದು, ಒಂದು ಗುಟುಕು ಕುಡಿದು, ಅವನ ಮುಂದೆ ಇಟ್ಟಳು.

"ಕುಡೀರಿ."

"ಉಮಾಶ್ರೀ, ಬ್ಯಾಡ ರಿ..."

"ಹೇಸಿಗಿ ಬಂದಿದ್ರ ಮೊದಲ ಹೇಳಬೇಕಿತ್ತು. ನೀವೂ ಎಲ್ಲಾರಂಗ ಅಂತ ತಿಳಕೊಂಡು ನಾ ಸುಮ್ಮನಿರ್ತಿದ್ನಿ. ಯಾಕ ಕುಡದ್ರಿ ಆ ದಿನ ನನ್ನ ಎಂಜಲ?" ಅಷ್ಟು ಮಾತು ಅವಳು ಎಂದೂ ಆಡಿರಲಿಲ್ಲ.

ನಿಶಾಂತ ಮಾಸ್ಕ್ ಇಳಿಸಿದ.

ತುಟಿಯ ಅಂಚಿನಲ್ಲಿ ಗುಳ್ಳೆಗಳ ಗುಂಪು, ಒಡೆದು ಕೀವಾಗಿ ಹಕ್ಕಳೆಗಟ್ಟುತ್ತಿತ್ತು.

"ಇದು ಅಂಟತದ," ಎಂದ ಮೆಲ್ಲಗೆ. "ನಿಮ್ಮದಲ್ಲ, ನಂದು. ಇದರ ಬೀಜ ಸಣ್ಣಂದಿನಿಂದ ನನ್ನೊಳಗ ಮಲಗೇದ. ಮಾಸ್ಕ್ ಹಾಕೂ ಹಿಂದಿನ ಭಾನುವಾರ ಸುಡು ಬಿಸಿಲಾಗ ಬೈಕ್ ಮ್ಯಾಲೆ ಶಂಶಾಬಾದಿಗೆ ಹೋಗಿದ್ದೆ. ಬಿಸಿಲಾಗೂ ಇಂಥ ಕಿರಣನ ಇರ್ತದ. ನನ್ನ ಕಾವಲುಗಾರರು ಮಲಗಿದ್ರು, ಕಳ್ಳ ಎದ್ದ."

ಅವಳು ತುಟಿಯನ್ನೇ ನೋಡುತ್ತ ನಿಂತಳು.

"ನಿಮ್ಮ ಬೆರಳಾಗ ಬಿರುಕು. ಅಲ್ಲಿಯ ಕಾವಲುಗಾರರನ್ನ ನಾನ ಕೈಯಾರೆ ಮಲಗಿಸ್ಲಿಕತ್ತೀನಿ. ನನ್ನ ಬಾಯಿಂದ ಬಸಿಗೆ, ಬಸಿಯಿಂದ ನಿಮ್ಮ ಬೆರಳಿಗೆ ಹೋದ್ರ? ತೊಳದ್ರ ಸಾಕು ಅಂತಾರ ಡಾಕ್ಟರು. ನನಗ ಸಾಕಾಗಲಿಲ್ಲ... ಭಾಳ ಅಂಜಿಕಿ ಬಂತು."

"ಇಷ್ಟು ಹೇಳಬಾರದಿತ್ತೇನ್ರಿ?"

"ಭವಾನಿ ಇಡೀ ದಿನ ಯಾರ ಮುತ್ತು ಇದು, ಯಾರ ಮುತ್ತು ಇದು ಅಂತ ಕಾಡ್ತಾಳ. ಅದನ್ನ ನಿಮ್ಮ ಮುಂದ ಹೆಂಗ ಹೇಳ್ಲಿ?"

ಉಮಾಶ್ರೀಯ ಕಣ್ಣುಗಳು ತುಂಬಿದ್ದವು, ಆದರೂ ತುಟಿ ಅರಳಿತು. "ಯಾರದ್ರಿ?"

"ಬಿಸಿಲಿಂದು," ಎಂದ ಅವನು. ಕಿವಿ ಕೆಂಪಾಗಿತ್ತು. "ನೀವು ಬರದ ದಿನ ಅಂಗಡಿ ತನಕ ಬಂದು ಹೊಳ್ಳಿ ಹೋಗೀನಿ. ಪರದೆ ಹಾಕಿತ್ತು. ಇನ್ನ ನಿಮ್ಮನ್ನ ನೋಡೂದ ಇಲ್ಲೇನೋ ಅಂತ..."

ಅವಳು ದುಪಟ್ಟಾ ಸರಿಸಿ, ಅವನು ಹೇಳುವ ಮೊದಲೇ, ಎರಡೂ ಕೈಗಳನ್ನು ದೀಪದ ಕೆಳಗಿಟ್ಟಳು. ಅವನು ಗವಸು ಹಾಕಿಕೊಂಡು ಅವಳ ಮಣಿಕಟ್ಟು ಹಿಡಿದ. ಈ ಸಲ ತುದಿಬೆರಳಿನಿಂದಲ್ಲ. ಗವಸಿನೊಳಗಿಂದಲೂ ಆ ಕೈ ಬೆಚ್ಚಗಿತ್ತು.

ನೀಲಿ ಬೆಳಕು ಹತ್ತಿತು.

"ಗುಳ್ಳಿ ಪೂರಾ ಹೋಗೂ ತನಕ ಎರಡು ಬಸಿ," ಎಂದಳು.

"ಆಮ್ಯಾಲೆ?"

"ಒಂದ."

"ಮೊದಲು ಯಾರು ಕುಡಿಯೂದು?"

"ನಾನು. ಎಂಜಲ ನೀವು ಕುಡೀಬೇಕಲ್ಲ."

"ದಿನಾನಾ?"

ಅವಳು ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು.

"ದಿನಾ."