ಅಷ್ಟೂರ ಗವಿಯ ಬಾಯಲ್ಲಿ

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ವರ್ಷವಾಗಿತ್ತು. ಬೀದರ ಹತ್ತಿರದ ಅಷ್ಟೂರಿನ ದಿಬ್ಬದ ಕೆಳಗೆ, ಕೆಂಪುಕಲ್ಲಿನ ಗವಿಯೆದುರು ಕೂತು ಮಾಣಿಕ ಏನೋ ಬರೆದುಕೊಳ್ಳುತ್ತಿದ್ದ. ನೀರಿಗೆ ಬಂದ ವಿಮಲಾಬಾಯಿ ಅವನನ್ನು ಕಂಡು ನಿಂತುಬಿಟ್ಟಳು. ಅವನ ಜೊತೆ ಅವಳ ಲಗ್ನ ನಿಶ್ಚಯವಾಗಿತ್ತು. ಅವನು ಕಾಣೆಯಾಗಿ ಹದಿನಾರು ತಿಂಗಳು.

ಅದೇ ಗುಂಗುರು ಕೂದಲು. ಎದೆ ಹಾರಿತು, ಹಾರಿದ ಎದೆಯ ಮೇಲೇ ಅವಳಿಗೆ ಸಿಟ್ಟು ಬಂತು.

“ಬದುಕಿದ್ದೀರೇನ್ರಿ?”

ಅವನು ಗಡಬಡಿಸಿ ಎದ್ದ. “ವಿಮಲಾ... ಹೈದರಾಬಾದಿನಾಗ ನೌಕರಿ ಸಿಕ್ಕದ. ದೇಶದಾಗ ನೋಡೋವಂಥ ಕಲ್ಲು, ಗವಿ, ಝರಿ ಎಲ್ಲಾದರ ಪಟ್ಟಿ ಸರಕಾರದವರು ಮಾಡ್ಲಿಕತ್ತಾರ. ಬೀದರಿಂದು ನನ್ನ ಪಾಲಿಗೆ ಬಂದದ.”

“ಏನು ಬರದೀರಿ? ಓದ್ರಿ.”

“ಮೇಲಿನ ಕೆಂಪುಕಲ್ಲು ಮಳೆನೀರನ್ನು ಹೀರುತ್ತದೆ, ಕೆಳಗಿನ ಜೇಡಿಮಣ್ಣು ತಡೆಯುತ್ತದೆ. ಆದ್ದರಿಂದ ಬೇಸಿಗೆಯಲ್ಲೂ ಗವಿಯೊಳಗೆ ನೀರು ಜಿನುಗುತ್ತದೆ. ತಂಪಾದ, ರಮ್ಯ ಸ್ಥಳ.”

“ರಮ್ಯ.” ಅವಳು ಕೊಡ ಕುಕ್ಕಿದಳು. “ರಜಾಕಾರರು ಊರು ಲೂಟಿ ಮಾಡ್ಲಿಕ್ಕೆ ಬಂದಾಗ ನಾನೂ ಅವ್ವನೂ ಹನ್ನೊಂದು ದಿನ ಇದರಾಗ ಕೂತಿದ್ವಿ, ಆ ನೀರಾಗ. ಅವ್ವನ ಮೊಣಕಾಲು ಅವತ್ತು ಹಿಡಕೊಂಡಾವು, ಇನ್ನಾ ಬಿಟ್ಟಿಲ್ಲ. ಬಾಜೂ ಮನಿ ಮಕ್ಬೂಲ ಕಾಕಾ ರೊಟ್ಟಿ ತಂದು ಕೊಟ್ಟ, ಬದುಕಿದ್ವಿ. ಮಿಲಿಟರಿ ಬಂದ ಮ್ಯಾಲ ಗಾಳಿ ಮುಸಲ್ಮಾನರ ಮ್ಯಾಲ ತಿರುಗ್ತು. ಆಗ ಕಾಕಾನ ಹೆಂಡತಿ ಮಕ್ಕಳನ್ನ ಇದೇ ಗವ್ಯಾಗ ಕೂಡಿಸಿ ನಾ ರೊಟ್ಟಿ ತಂದೆ. ನೀವೆಲ್ಲಿದ್ರಿ? ಬಂದು ಸಂಸ್ಥಾನದ ಗಡಿ ದಾಟಸ್ತೇನಿ ಅಂದವರು ನೀವಲ್ಲೇನು?”

ಜೈಲಿನಲ್ಲಿದ್ದೆ ಎನ್ನುತ್ತಾನೇನೋ ಎಂದು ಕಾದಳು. ಹಾಗೆಂದಿದ್ದರೆ ಕ್ಷಮಿಸುವುದು ಸುಲಭವಿತ್ತು.

“ಇಲ್ಲಿಗೆ ಬರೋ ದಾರ್ಯಾಗ ಡಾಬಕಾ ಊರ ತನಕ ಬಂದಿದ್ದೆ,” ಎಂದ ಮಾಣಿಕ. “ಬಂದೂಕಿನ ಸಪ್ಪಳ ಕೇಳಿ ಅಂಜಿದೆ. ತಿರುಗಿ ಹೋದೆ. ಆಮ್ಯಾಲ ನಿನಗ ಮಾರಿ ತೋರಸ್ಲಿಕ್ಕಾಗಲಿಲ್ಲ. ಪಾಲಿಗೆ ಬಂತು ಅಂದದ್ದು ಸುಳ್ಳು. ಬೀದರ ನಾನೇ ಬೇಡಿ ತಗೊಂಡೆ. ನಿನ್ನ ನೋಡಬೇಕಾಗಿತ್ತು.”

ಹೊಡೆಯಲೆಂದೇ ಅವಳು ಕೈಯೆತ್ತಿದಳು. ಕೈ ಅವನ ಕಾಲರು ಹಿಡಿಯಿತು. ಅವನ ಕಣ್ಣು ಒದ್ದೆಯಾಗಿತ್ತು, ಆದರೂ ತಪ್ಪಿಸಲಿಲ್ಲ, ಅವಳನ್ನೇ ನೋಡುತ್ತಿದ್ದ. ಇಷ್ಟು ಹತ್ತಿರದಿಂದ ಅವಳೂ ಅವನನ್ನು ಎಂದೂ ನೋಡಿರಲಿಲ್ಲ.

“ನನ್ನ ಸಿಟ್ಟು ಇವತ್ತು ಇಳಿಯಾಂಗಿಲ್ಲರಿ.”

“ಗೊತ್ತದ.”

“ನಾಳಿಗೂ ಇಳಿಯಾಂಗಿಲ್ಲ. ಲಗ್ನ ಆದ ಮ್ಯಾಲೂ ಇಳಿಯಾಂಗಿಲ್ಲ.”

ಲಗ್ನದ ಮಾತು ಕೇಳಿ ಮಾಣಿಕ ಕಣ್ಣರಳಿಸಿದ.

“ಏನು ನೋಡ್ತೀರಿ? ಮನಿಗೆ ನಡೀರಿ. ಅಂಜಿದ್ದು ಮೊದಲು ಅವ್ವನ ಮುಂದ ಹೇಳ್ರಿ.”

ಕಾಲರು ಬಿಡದೆಯೇ ಅವಳು ದಿಬ್ಬ ಹತ್ತತೊಡಗಿದಳು.