ಜೊಂಡು ಹತ್ತಿದ ಬಸವನಹುಳು

"ಮಧ್ಯಾಹ್ನ ಬಂದು ಕೇಳಿದ್ರ ಈ ಕೆರಿ ಸುಳ್ಳು ಹೇಳ್ತೈತ್ರಿ, ಮೇಡಮ್!"

ಲಹರಿ ಬೆಚ್ಚಿಬಿದ್ದಳು. ನೀರಿನ ಆಮ್ಲಜನಕ ಅಳೆಯುವ ಮೀಟರು ಕೈಜಾರಿ ಕೆರೆಪಾಲಾಗುವುದರಲ್ಲಿತ್ತು. ಥರ್ಮಾಕೋಲ್ ತೆಪ್ಪದ ಮೇಲೆ ಕೂತವನು ನಗುತ್ತಿದ್ದ.

ಮೀನುಗಾರಿಕೆ ವಿಜ್ಞಾನ ಓದಿದವಳಿಗೆ ಬಲೆ ಬೀಸುವವನ ಪಾಠವೇ? ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವಳಿಗೆ ಆ ಊರಿನ ಕೆರೆಯಲ್ಲಿ, ಮನೆಯ ಹೊರಗೆ, ಆ ಕನ್ನಡ ಕೇಳಿ ಖುಷಿಯಾದದ್ದೂ ನಿಜ, ಮೈ ಉರಿದದ್ದೂ ನಿಜ.

"ಮತ್ತ ಖರೇ ಯಾವಾಗ ಹೇಳ್ತೈತಿ?"

"ನಸುಕಿನಾಗ. ನಮ್ಮವ್ವನ್ನ ಕೇಳ್ರಿ."

ಹಾಗೆ ಶುರುವಾಯಿತು. ಅವನು ಆನಂದಕುಮಾರ, ಯಾದಗಿರಿ ಕಡೆಯ ಅಂಬಿಗರ ಹುಡುಗ. ಅವನ ತಾಯಿ ಸೂಗಮ್ಮ ಮೀಟರು ಕಂಡವಳಲ್ಲ. ನಸುಕಿನಲ್ಲಿ ಜೊಂಡಿನ ಬುಡ ನೋಡುತ್ತಾಳೆ, ಅಷ್ಟೇ. ಬಸವನಹುಳುಗಳು ನೀರು ಬಿಟ್ಟು ಜೊಂಡು ಹತ್ತಿದ್ದರೆ ಕೆಳಗೆ ಉಸಿರಿಲ್ಲ. ಅಂಥ ದಿನ ಮೀನುಮರಿ ಬಿಡಬಾರದು. ಮಧ್ಯಾಹ್ನ ಬಿಸಿಲಿಗೆ ಪಾಚಿ ನೀರಿಗೆ ಬಿಟ್ಟ ಆಮ್ಲಜನಕ ರಾತ್ರಿ ಕಳೆಯುವಷ್ಟರಲ್ಲಿ ತೀರಿಹೋಗಿರುತ್ತದೆ.

ಲಹರಿ ಮೂರು ತಿಂಗಳು ನಸುಕಿಗೇ ಬಂದು ಅಳೆದಳು. ಒಂದು ದಿನವೂ ಸೂಗಮ್ಮನ ಲೆಕ್ಕ ತಪ್ಪಲಿಲ್ಲ! ಅಳೆಯುವುದು ಮುಗಿದ ಮೇಲೂ ಲಹರಿ ಬರುತ್ತಲೇ ಇದ್ದಳು. ಯಾಕೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಆಮೇಲೆ ಲಹರಿ ತನ್ನ ಮೀನುಗಾರಿಕೆ ಇಲಾಖೆಗೆ ಬರೆದ ಆ ವರದಿ...

"ಇದರಾಗ ನಮ್ಮವ್ವನ ಹೆಸರು ಎಲ್ಲೈತ್ರಿ?"

'ಸ್ಥಳೀಯ ಮಾಹಿತಿ' ಎಂದಷ್ಟೇ ಇತ್ತು. ಓದು ಬಾರದ ಮುದುಕಿಯ ಹೆಸರು ಕಂಡರೆ ಆಫೀಸಿನವರು ನಕ್ಕಾರೆಂದು ಲಹರಿಯೇ ಅಳಿಸಿದ್ದಳು.

"ಅವ್ವ ಹೇಳಿದ್ದು ಬೇಕಾತು, ಅವ್ವ ಬ್ಯಾಡಾದ್ಲು," ಎಂದು ಎದ್ದುಹೋದವನು ಹದಿನೈದು ದಿನದಿಂದ ಫೋನೆತ್ತಿರಲಿಲ್ಲ.

ಇವತ್ತು ಇಲಾಖೆಯ ಸಭೆ. ನಾಳೆ ಬೆಳಿಗ್ಗೆ ಕೆರೆಗೆ ಮೀನುಮರಿ ಬಿಡುವುದಿತ್ತು. ಹೋದ ವರ್ಷ ಬಿಟ್ಟವು ಎರಡೇ ದಿನದಲ್ಲಿ ಸತ್ತು ತೇಲಿದ್ದವು. ಈ ಸಲವೂ ಸತ್ತರೆ ಮೀನುಗಾರರ ಸಂಘದವರೆಲ್ಲ ಬಲೆ ಮಡಚಿಟ್ಟು ಕಟ್ಟಡದ ಕೆಲಸಕ್ಕೆ ಹೊರಡುವವರು. ಆನಂದನೂ...

"ಮಧ್ಯಾಹ್ನದ ಲೆಕ್ಕ ಚೆನ್ನಾಗೇ ಇದೆಯಲ್ಲಮ್ಮಾ?" ಹಿರಿಯ ಅಧಿಕಾರಿ ವೆಂಕಟೇಶ ವರದಿ ಮಗುಚುತ್ತ ಕನ್ನಡಕ ಸರಿಸಿದರು. "ಈಗ ಮರಿ ಬಿಡಬಾರದು ಅಂತ ಯಾರು ಹೇಳಿದ್ದು?"

ಲಹರಿ ಎದ್ದು ನಿಂತಳು. ಈಗ ಹೇಳದಿದ್ದರೆ ಇನ್ನು ಯಾವ ಮುಖ ಇಟ್ಟುಕೊಂಡು ಆ ಕೆರೆಗೆ ಹೋಗಲಿ?

"ಸೂಗಮ್ಮ ಹೇಳಿದ್ದು ಸರ್! ಕೆರೆಯಲ್ಲಿ ಮೀನು ಹಿಡಿಯುವವರು. ನಾನು ಬರೀ ಅಳೆದವಳು. ಅವರ ಹೆಸರು ಬಿಟ್ಟದ್ದು ನನ್ನ ಹೇಡಿತನ. ನಾಳೆ ನಸುಕಿಗೆ ನೀವೇ ಬನ್ನಿ. ಬಸವನಹುಳು ಜೊಂಡು ಹತ್ತದಿದ್ದರೆ ಮರಿ ಬಿಟ್ಟುಬಿಡಿ!"

ಯಾರೋ ಕಿಸಕ್ಕೆಂದರು. ನಗಲಿ.

ಮರುದಿನ ನಸುಕು. ಮೀನುಮರಿಯ ವ್ಯಾನುಗಳು ದಂಡೆಯಲ್ಲಿ ನಿಂತಿದ್ದವು. ದೂರದಲ್ಲಿ ಆನಂದ ಕೈಕಟ್ಟಿ ನಿಂತಿದ್ದ, ಇತ್ತ ನೋಡಲಿಲ್ಲ. ಲಹರಿ ಮೀಟರನ್ನು ಮತ್ತೆ ಮತ್ತೆ ಒರೆಸಿದಳು. ಹುಳು ಹತ್ತದಿದ್ದರೆ? ಸೂಗಮ್ಮ ಇವತ್ತೇ ತಪ್ಪಿದರೆ? ದೇವರೇ...

ಸೂಗಮ್ಮ ಸೊಂಟದುದ್ದ ನೀರಿಗಿಳಿದು ಜೊಂಡು ಸರಿಸಿದಳು. "ನೋಡ್ರಿ ಸಾಹೇಬ್ರ."

ನೀರಿನಿಂದ ಗೇಣು ಮೇಲೆ, ಪ್ರತಿ ಜೊಂಡಿಗೂ ಗೊಂಚಲು ಗೊಂಚಲು ಬಸವನಹುಳು!

ಲಹರಿ ಮೀಟರು ಇಳಿಸಿದಳು. ಮುಳ್ಳು ಸೊನ್ನೆಯ ಹತ್ತಿರ ನಿಂತಿತು. ವೆಂಕಟೇಶ ಬಗ್ಗಿ ಮೀಟರು ನೋಡಿದರು. ಆಮೇಲೆ ವ್ಯಾನುಗಳಿಗೆ ವಾಪಸ್ಸು ಹೋಗಲು ಕೈಮಾಡಿ, ಸೂಗಮ್ಮನತ್ತ ತಿರುಗಿದರು. "ಬಿಡೋ ದಿನ ಇನ್ನು ನೀವೇ ಹೇಳಬೇಕಮ್ಮಾ."

ಲಹರಿ ದಂಡೆಯ ಮೇಲೆ ಕೂತಳು. ಆನಂದ ಪಕ್ಕಕ್ಕೆ ಬಂದು ನಿಂತ. ಅವಳು ಹೊಸ ವರದಿಯನ್ನು ಅವನ ಕೈಗಿತ್ತಳು. ಮೊದಲ ಹೆಸರು ಸೂಗಮ್ಮ, ಎರಡನೆಯದು ಲಹರಿ.

"ನಮ್ಮನ್ನ ಕಂಡ್ರ ನಿಮಗ ನಾಚಿಕಿ ಅಂತ ತಿಳ್ಕೊಂಡಿದ್ದೆ..."

"ನಾಚಿಕಿ ಅಲ್ಲ, ನಕ್ಕಾರು ಅಂತ ಹೆದರಿದ್ದೆ. ನಿಮ್ಮನ್ನ ಕಳಕೊಳ್ಳೋದು ಅದಕ್ಕಿಂತ ದೊಡ್ಡ ಹೆದರಿಕಿ ಅಂತ ಈ ಹದಿನೈದು ದಿನದಾಗ ತಿಳೀತು." ಅವಳು ಅವನತ್ತ ತಿರುಗಿದಳು. "ನೀವಂದ್ರ ನನಗ ಭಾಳ ಇಷ್ಟ, ಆನಂದ."

ಅವನ ಕಣ್ಣು ತುಂಬಿತು.

"ಮಧ್ಯಾಹ್ನ ಊಟಕ್ಕ ಅವ್ವ ಕರಿಯಾಕತ್ತಾಳ. ಬರ್ರಿ... ನಾನೂ ಒಂದು ಮಾತು ಹೇಳೋದೈತಿ."

"ಮಧ್ಯಾಹ್ನ ಸುಳ್ಳು ಹೇಳೋ ಹೊತ್ತಲ್ಲೇನ್ರಿ?"

"ಅದು ಕೆರಿ ಹೇಳ್ತೈತಿ, ಲಹರಿ. ನಾ ಹೇಳಂಗಿಲ್ಲ."