ವಾದಿರಾಜ ಕಾಕಾನ ಸ್ಟೂಲು

ಮೂವತ್ತು ವರ್ಷ ಡ್ರಮ್ಸ್ ಬಾರಿಸಿದ ವಾದಿರಾಜ ಕಾಕಾನನ್ನು ಬಿಡಿಸಿ, ಹಾಡುಗಾರ ಅವಧೂತರು ತಮ್ಮ ಹಳೆಯ ರಾಕ್ ಬ್ಯಾಂಡಿಗೆ ನನ್ನನ್ನು ಸೇರಿಸಿಕೊಂಡರು. ಸದಾಶಿವ ಪೇಠದ ವಾಡೆ ಮನೆಯೊಂದರ ಹಿಂದಿನ ಕೋಣೆಯಲ್ಲಿ ನಮ್ಮ ತಾಲೀಮು. ಬೆಳಿಗ್ಗೆ ಬೀಗ ತೆಗೆಯುವವನು ನಾನೇ.

ಮೊದಲ ದಿನ ಕೂತಾಗ ಕಾಕಾನ ಸ್ಟೂಲು ಬೆಚ್ಚಗಿತ್ತು, ಆಗಷ್ಟೇ ಎಮ್ಮೆ ಎದ್ದುಹೋದ ನೆಲದ ಹಾಗೆ. ಮರುದಿನವೂ ಹಾಗೆಯೇ. ಡಿಸೆಂಬರಿನ ಚಳಿಗೆ ಹಿತ್ತಾಳೆಯ ಸಿಂಬಲ್ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಹೊಸ ಸ್ಟೂಲು ತಂದಿಟ್ಟೆ. ಬೆಳಗಾಗುವುದರೊಳಗೆ ಅದೂ ಬೆಚ್ಚಗಾಗಿತ್ತು. ಕೂತಲ್ಲಿ ನೆಲೆನಿಲ್ಲಲಾಗದೆ ನನ್ನ ತಾಳ ತಪ್ಪತೊಡಗಿತು.

"ಮುಳ್ಳಿನ ಮ್ಯಾಲೆ ಕೂತಂಗ ಕೂಡ್ತಿಯಲ್ಲೋ ವಿನೀತ," ಎಂದರು ಅವಧೂತರು. "ಹಿಂಗಾದ್ರ ಬ್ಯಾರೆಯವ್ರನ್ನ ನೋಡಬೇಕಾಗ್ತದ."

ಕೆಲಸ ಕೈತಪ್ಪುವ ಭಯಕ್ಕೆ ಕಾಕಾನಿಗೆ ಫೋನ್ ಮಾಡಿದೆ. ಸ್ಟೂಲಿನ ಮಾತೆತ್ತದೆ, ಅವರ ಬಳಿ ಇನ್ನೊಂದು ಕೀಲಿ ಇದೆಯೇ ಎಂದಷ್ಟೇ ಕೇಳಿದೆ.

"ಕೀಲಿ ಅವತ್ತ ಕೊಟ್ಟೇನಪಾ. ಈಗ ಆ ಊರ ಬಿಟ್ಟು ದೂರ ಧಾರವಾಡದಾಗ ಮಗಳ ಮನ್ಯಾಗ ಇದ್ದೇನಿ."

"ಆರಾಮ ಅದೀರೇನ್ರಿ, ಕಾಕಾ?"

"ಹೂಂ, ಆರಾಮ. ಒಂದ ತ್ರಾಸು ನೋಡು, ತಮ್ಮಾ," ಎಂದರು. "ಇಡೀ ದಿನಾ ಕೂತ್ರೂ ನನ್ನ ಕೆಳಗಿನ ಕುರ್ಚಿ ಬೆಚ್ಚಗ ಆಗವಲ್ದು."